ಸರ್ವರ್ ಬಿದ್ದ ಮೂರು ದಿನ: ದೇಶಗಳ ಸೈಬರ್ ಜಗಳಕ್ಕೆ ಒಂದು ಜಿಲ್ಲೆ ಸಜ್ಜಾಗುವುದು ಹೇಗೆ

2025ರ ಮೇ ತಿಂಗಳು. ಭಾರತ, ಪಾಕಿಸ್ತಾನದ ಗಡಿಯಲ್ಲಿ ಗುಂಡು ಹಾರುತ್ತಿದ್ದ ವಾರ. ದಾವಣಗೆರೆಯ ನಮ್ಮ ಬಡಾವಣೆಯ ಎಟಿಎಂ ಮುಂದೆ ಬೆಳಗ್ಗೆ ಏಳಕ್ಕೇ ಸಾಲು ನಿಂತಿತ್ತು. ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಓಡಾಡಿತ್ತು: ಎಟಿಎಂಗಳು ಎರಡು ಮೂರು ದಿನ ಬಂದ್. ಸಾಲಿನಲ್ಲಿದ್ದ ಒಬ್ಬ ಅಜ್ಜಿ ನನ್ನ ಕೈ ಹಿಡಿದು ಕೇಳಿದರು, "ನಾಳಿಂದ ದುಡ್ಡು ಬರಲ್ವಂತೆ, ಹೌದೇನಪ್ಪಾ? ಸೊಸೆ ಆಸ್ಪತ್ರೇಲಿ ಅದಾಳೆ."

ಆ ಸುದ್ದಿ ಸುಳ್ಳು. ಸುಳ್ಳು ಅಂತ ಕೇಂದ್ರ ಸರ್ಕಾರದ ಸುದ್ದಿ ಸಂಸ್ಥೆ ಪಿಐಬಿ ಹೇಳಿಯೂ ಇತ್ತು. ಆದರೆ ಅದನ್ನು ಅಜ್ಜಿಯ ಕಿವಿಗೆ ಮುಟ್ಟಿಸುವವರು ನಮ್ಮೂರಲ್ಲಿ ಯಾರೂ ಇರಲಿಲ್ಲ. ಆ ಎಟಿಎಂಗೆ ಏನೂ ಆಗಿರಲಿಲ್ಲ, ಬರೀ ಮಾತಿಗೇ ಊರು ಅಷ್ಟು ಹೆದರಿತ್ತು. ನಿಜವಾಗಿಯೂ ಏನಾದರೂ ಆಗಿದ್ದರೆ?

ನಾನು ಇಪ್ಪತ್ತಕ್ಕೂ ಹೆಚ್ಚು ವರ್ಷ ಸರ್ಕಾರಿ ಕಚೇರಿಗಳ ಕಂಪ್ಯೂಟರ್ ಕೆಲಸದಲ್ಲಿದ್ದವನು. "ಸರ್ವರ್ ಇಲ್ಲ, ನಾಳೆ ಬಾ" ಅನ್ನುವ ಮಾತನ್ನು ಕೌಂಟರಿನ ಒಳಗೆ ಕೂತು ಸಾವಿರ ಸಲ ಕೇಳಿದ್ದೇನೆ. ಆ "ನಾಳೆ" ಮೂರು ದಿನ ಬರದೇ ಹೋದರೆ ಏನು ಮಾಡಬೇಕು ಅನ್ನುವುದೇ ಈ ಬರಹ. ಡಿಸಿ ಕಚೇರಿ, ಜಿಲ್ಲಾ ಪಂಚಾಯಿತಿ, ಪಾಲಿಕೆ, ತಾಲೂಕು ಕಚೇರಿಯವರಿಗೆ ಬರೆದಿದ್ದೇನೆ. ಅವರನ್ನು ಪ್ರಶ್ನೆ ಕೇಳಬೇಕಾದ ಸದಸ್ಯರಿಗೂ ಬರೆದಿದ್ದೇನೆ. ದೊಡ್ಡ ದೇಶಗಳ ಜಗಳ ದೆಹಲಿಯ ವಿಷಯ, ನಿಜ. ಆದರೆ ದೆಹಲಿಯ ಮಾತು ಇಲ್ಲಿಗೆ ಬಂದು ಮುಟ್ಟುವವರೆಗಿನ ಗಂಟೆಗಳನ್ನು ಜಿಲ್ಲೆಯೇ ದಾಟಬೇಕು.

ಮೊದಲು ಇಷ್ಟು ತಿಳಿದುಕೊಳ್ಳಿ: ಎಐ ಬಂದ ಮೇಲೆ ಬದಲಾಗಿದ್ದು ಏನು

ಮೊದಲೆಲ್ಲ ಒಂದು ದೇಶದ ಕರೆಂಟ್ ಕಂಪನಿಗೆ ನುಗ್ಗಬೇಕು ಅಂದರೆ ನುರಿತ ಜನರ ತಂಡ ಬೇಕಿತ್ತು, ತಿಂಗಳುಗಟ್ಟಲೆ ಕಾಯಬೇಕಿತ್ತು. ಈಗ ಆ ಕೆಲಸದ ಬಹುಪಾಲನ್ನು ಯಂತ್ರಕ್ಕೆ ಒಪ್ಪಿಸಬಹುದು. 2025ರ ನವೆಂಬರ್‌ನಲ್ಲಿ ಆಂಥ್ರೋಪಿಕ್ ಅನ್ನುವ ಎಐ ಕಂಪನಿ ಒಂದು ವರದಿ ಹೊರಗೆ ಹಾಕಿತು. ಚೀನಾ ಸರ್ಕಾರದ ಬೆಂಬಲ ಇರುವ ಗುಂಪೊಂದು ಆಂಥ್ರೋಪಿಕ್‌ನದೇ ಎಐಯನ್ನು ಬಳಸಿ ಸುಮಾರು 30 ಸಂಸ್ಥೆಗಳ ಮೇಲೆ ಕಣ್ಣು ಹಾಕಿತ್ತು, ಅದರಲ್ಲಿ ಕೆಲವು ಕಡೆ ಒಳಗೂ ಹೋಗಿತ್ತು, ಕೆಲಸದ ಶೇಕಡಾ 80ರಿಂದ 90 ಭಾಗ ಎಐಯೇ ಮಾಡಿತ್ತು ಅಂತ ಕಂಪನಿಯೇ ಹೇಳಿತು. ಅದೇ ವರದಿಯಲ್ಲಿ ಇನ್ನೊಂದು ಮಾತಿದೆ, ನೆನಪಿಟ್ಟುಕೊಳ್ಳಿ: ಆ ಎಐ ಸಿಗದ ಪಾಸ್‌ವರ್ಡನ್ನೂ ಸಿಕ್ಕಿದೆ ಅಂತ ತನ್ನ ಯಜಮಾನರಿಗೇ ತಪ್ಪು ಹೇಳಿತ್ತು. ಇದು ಮುಂದೆ ಬೇಕಾಗುತ್ತದೆ.

ಹಾಗಾಗಿ ವೇಗ ಜಾಸ್ತಿಯಾಗಿದೆ, ಒಂದೇ ಸಲಕ್ಕೆ ನೂರು ಕಡೆ ಹೊಡೆಯಬಹುದು. ಮೂರನೆಯದು ಭಾಷೆ. ಮೋಸದ ಮೇಲ್ ಅಂದರೆ ಹರಕು ಮುರುಕು ಕನ್ನಡ ಅಂತ ನಾವು ನೆಮ್ಮದಿಯಾಗಿದ್ದೆವು. ಈಗ ಅದು "ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ" ಅಂತ ನಮ್ಮ ಕಚೇರಿಯ ಭಾಷೆಯಲ್ಲೇ ಬರುತ್ತದೆ. ಉಲ್ಲೇಖ ಸಂಖ್ಯೆ, ದಿನಾಂಕ ಸಮೇತ.

ನಮ್ಮ ಜಿಲ್ಲೆಗಳ ಮೇಲೆ ಯಾರು ಬರುತ್ತಾರೆ ಅಂತ ಕೇಳುವವರಿದ್ದಾರೆ. ಚಳ್ಳಕೆರೆಯ ಕುದಾಪುರದ ಹತ್ತಿರ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ವಿಮಾನ ಪರೀಕ್ಷಾ ಕೇಂದ್ರ ಇದೆ. ಅದೊಂದೇ ಸಾಕು. ಅದು ಇಲ್ಲದಿದ್ದರೂ ಕೋಣಗಳೆರಡು ಗುದ್ದಾಡಿದರೆ ಗಿಡಕ್ಕೆ ಸಾವು ಅಂತಾರಲ್ಲ. 2017ರ ಜೂನ್‌ನಲ್ಲಿ ಉಕ್ರೇನಿಗೆ ಅಂತ ಬಿಟ್ಟ ನಾಟ್‌ಪೆಟ್ಯಾ ವೈರಸ್ ಅಲ್ಲಿಗೇ ನಿಲ್ಲಲಿಲ್ಲ. ಜಗತ್ತಿನ ದೊಡ್ಡ ಹಡಗು ಕಂಪನಿ ಮರ್ಸ್ಕ್‌ನ ಕಂಪ್ಯೂಟರ್‌ಗಳನ್ನೂ ಮಲಗಿಸಿತು.

ಹೆಜ್ಜೆ 1: ಕೂತಲ್ಲೇ ಪಟ್ಟಿ ಮಾಡಬೇಡಿ, ಹೋಗಿ ನೋಡಿ

ಏನು ನಿಂತರೆ ಜನ ಮೂರು ದಿನ ತಡೆಯಲಾರರು? ನೀರು, ಕರೆಂಟ್, ಆಸ್ಪತ್ರೆ, ರೇಷನ್, 112ರ ಫೋನ್, ಕೈಯಲ್ಲಿ ನಗದು. ಉಳಿದದ್ದೆಲ್ಲ ಆಮೇಲೆ. ಪಹಣಿ ನಾಲ್ಕು ದಿನ ತಡವಾದರೆ ಯಾರೂ ಸಾಯುವುದಿಲ್ಲ.

ಈ ಆರಕ್ಕೂ ಒಂದೊಂದು ಸಲ ಮೂಲದಿಂದ ಕೊನೆಯವರೆಗೆ ನಡೆದು ನೋಡಿ. ದಾವಣಗೆರೆಯ ನೀರನ್ನೇ ತಗೊಳ್ಳಿ. ಹರಿಹರದ ಹತ್ತಿರ ರಾಜನಹಳ್ಳಿಯಲ್ಲಿ ತುಂಗಭದ್ರೆಯಿಂದ ಎತ್ತಿ, ಶುದ್ಧ ಮಾಡಿ, ಟ್ಯಾಂಕ್ ತುಂಬಿಸಿ, ವಾಲ್ವ್ ತಿರುಗಿಸಿ ಬಿಡಬೇಕು. ಚಿತ್ರದುರ್ಗಕ್ಕೆ ಶಾಂತಿಸಾಗರದಿಂದ ಪೈಪಿನಲ್ಲಿ ಬರುವುದೂ ಹೀಗೆಯೇ. ಈ ದಾರಿಯಲ್ಲಿ ಎಲ್ಲೆಲ್ಲಿ ಕಂಪ್ಯೂಟರ್ ಇದೆ, ಎಲ್ಲೆಲ್ಲಿ ಸಿಮ್ ಹಾಕಿದ ಡಬ್ಬಿ ಇದೆ, ಎಲ್ಲೆಲ್ಲಿ ಬರೀ ಮನುಷ್ಯನ ಕೈ ಇದೆ ಅಂತ ಬರೆದುಕೊಳ್ಳಿ. ಕಚೇರಿಯಲ್ಲಿ ಕೇಳಿದರೆ "ಎಲ್ಲ ಮ್ಯಾನುಯಲ್ ಆಗೂ ನಡೆಯುತ್ತೆ ಸಾರ್" ಅಂತಾರೆ. ಅದನ್ನು ನಂಬಿ ವಾಪಸ್ ಬರಬೇಡಿ.

ಒಂದು ಊರಿನ ಪಂಪ್‌ಹೌಸಿಗೆ ನಾವು ಹೋಗಿದ್ದೆವು, ಊರಿನ ಹೆಸರು ಬೇಡ. ಪ್ಯಾನಲ್ ಬೋರ್ಡಿನ ಮೇಲೆ ಆಟೋ, ಮ್ಯಾನುಯಲ್ ಅಂತ ಒಂದು ಸ್ವಿಚ್ ಇತ್ತು. ಕೆಂಪು ಬಣ್ಣ ಅರ್ಧ ಹೋಗಿತ್ತು. "ಅಣ್ಣಾ, ಒಮ್ಮೆ ಮ್ಯಾನುಯಲ್‌ಗೆ ತಿರುಗಿಸ್ರಿ" ಅಂದೆ. ಆಪರೇಟರ್ ಎರಡು ಬೆರಳಲ್ಲಿ ಹಿಡಿದು ತಿರುಗಿಸಿದರು, ಅಲುಗಲಿಲ್ಲ. ಕಟಿಂಗ್ ಪ್ಲೇಯರ್ ಹಾಕಿ ಹಿಂಡಿದರು. ಸ್ವಿಚ್ಚಿನ ತುದಿ ಮುರಿದು ಕೈಗೆ ಬಂತು. ಅವರು ಅದನ್ನೇ ನೋಡುತ್ತಾ, "ಇದನ್ನ ಮುಟ್ಟಿ ನಾಕು ವರ್ಷ ಆತು ಸಾರ್" ಅಂದರು. ಅವರ ತಪ್ಪಿಲ್ಲ. ತಿರುಗಿಸಿ ನೋಡು ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಮುರಿದ ಆ ತುಂಡು ಯಾಕೆ ಮುಖ್ಯ ಅನ್ನುವುದಕ್ಕೆ ಉಕ್ರೇನ್ ನೋಡಿ. 2015ರ ಡಿಸೆಂಬರ್ 23ರಂದು ಅಲ್ಲಿನ ಮೂರು ವಿದ್ಯುತ್ ಕಂಪನಿಗಳ ಕಂಪ್ಯೂಟರ್‌ಗಳಿಗೆ ನುಗ್ಗಿದವರು ದೂರದಿಂದಲೇ ಬ್ರೇಕರ್‌ಗಳನ್ನು, ಅಂದರೆ ಕರೆಂಟ್ ಹರಿಸುವ ದೊಡ್ಡ ಸ್ವಿಚ್‌ಗಳನ್ನು, ತೆರೆದು ಕರೆಂಟ್ ಕಡಿದರು. ಸುಮಾರು 2.25 ಲಕ್ಷ ಗ್ರಾಹಕರಿಗೆ ಕತ್ತಲು. ಜೊತೆಗೆ ದೂರು ಕೇಳುವ ಫೋನಿಗೆ ಸುಳ್ಳು ಕರೆಗಳ ಮಳೆ ಸುರಿಸಿ ಅದನ್ನೂ ಮುಚ್ಚಿಸಿದರು. ಆದರೂ ಕೆಲವೇ ಗಂಟೆಗಳಲ್ಲಿ ಕರೆಂಟ್ ವಾಪಸ್ ಬಂತು. ಯಾಕೆ ಗೊತ್ತಾ? ಸಿಬ್ಬಂದಿ ಗಾಡಿ ಹತ್ತಿ ಸಬ್‌ಸ್ಟೇಷನ್‌ಗೆ ಹೋಗಿ ಕೈಯಿಂದಲೇ ಬ್ರೇಕರ್ ಹಾಕಿದರು. ಕೈಯಿಂದ ಹಾಕುವುದು ಅವರಿಗೆ ಮರೆತಿರಲಿಲ್ಲ.

ನಮ್ಮಲ್ಲಿ ಬೆಸ್ಕಾಂ ಮತ್ತು ಕೆಪಿಟಿಸಿಎಲ್‌ನವರನ್ನು ಒಟ್ಟಿಗೆ ಕೂರಿಸಿ ಒಂದೇ ಪ್ರಶ್ನೆ ಕೇಳಿ: ರಾಜ್ಯದ ಕರೆಂಟ್ ಹಂಚಿಕೆ ನೋಡಿಕೊಳ್ಳುವ ಬೆಂಗಳೂರಿನ ಲೋಡ್ ಡಿಸ್ಪ್ಯಾಚ್ ಕೇಂದ್ರದ ಪರದೆ ಕುರುಡಾದರೆ ಇಲ್ಲಿನ ಸಬ್‌ಸ್ಟೇಷನ್ ಆಪರೇಟರ್‌ಗೆ ಯಾರು, ಯಾವ ಫೋನಿನಲ್ಲಿ ಹೇಳುತ್ತಾರೆ? ವಿದ್ಯುತ್ ತಂತಿಯ ಮೇಲೇ ಮಾತಾಡುವ ಪಿಎಲ್‌ಸಿಸಿ ಫೋನ್ ಇದ್ದಲ್ಲಿ ಅದನ್ನು ಎತ್ತಿ ಮಾತಾಡಿಸಿಯೇ ನೋಡಿ.

ಚಿತ್ರದುರ್ಗದವರಿಗೆ ಇನ್ನೊಂದು ಕೆಲಸ ಇದೆ. ಜೋಗಿಮಟ್ಟಿ ಕಡೆ ಗುಡ್ಡದ ಮೇಲೆ ತಿರುಗುವ ಗಾಳಿಯಂತ್ರಗಳನ್ನು ದಿನಾ ನೋಡುತ್ತೀರಿ. 2022ರ ಫೆಬ್ರವರಿ 24ರಂದು ರಷ್ಯಾ ಉಕ್ರೇನಿಗೆ ನುಗ್ಗಿದ ಬೆಳಗ್ಗೆಯೇ ವಯಾಸ್ಯಾಟ್ ಅನ್ನುವ ಉಪಗ್ರಹ ಜಾಲದ ಮೋಡೆಮ್‌ಗಳನ್ನು ಯಾರೋ ಅಳಿಸಿಹಾಕಿದರು. ಗುರಿ ಉಕ್ರೇನ್. ಆದರೆ ಜರ್ಮನಿಯ ಕಡೆ 5,800 ಗಾಳಿಯಂತ್ರಗಳು ತಮ್ಮ ಕಂಟ್ರೋಲ್ ರೂಮಿಗೆ ಕಾಣದೇ ಹೋದವು. ರೆಕ್ಕೆ ತಿರುಗುತ್ತಲೇ ಇತ್ತು, ದೂರದಿಂದ ನೋಡುವ ಕಣ್ಣು ಮಾತ್ರ ಹೋಗಿತ್ತು. ನಿಮ್ಮ ಗುಡ್ಡದ ಯಂತ್ರಗಳನ್ನು ಎಲ್ಲಿಂದ ನೋಡುತ್ತಾರೆ, ಆ ಕಣ್ಣು ಹೋದರೆ ಗುಡ್ಡ ಹತ್ತುವವರು ಯಾರು ಅಂತ ಕಂಪನಿಗಳಿಂದ ಬರೆಸಿಕೊಳ್ಳಿ.

ಹೆಜ್ಜೆ 2: ಕಾಗದವನ್ನು ಬೀರುವಿನಲ್ಲಿಡಿ

2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳು ಬಿದ್ದಾಗ ಸುಮಾರು ಎರಡು ವಾರ ಕೆಲಸ ಕೈಬರಹದಲ್ಲಿ ನಡೆಯಿತು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಅನ್ನುವ ಕಂಪ್ಯೂಟರ್ ಭದ್ರತಾ ಕಂಪನಿಯ ಒಂದು ಕೆಟ್ಟ ಅಪ್‌ಡೇಟ್ ಜಗತ್ತಿನಾದ್ಯಂತ ಸುಮಾರು 85 ಲಕ್ಷ ಕಂಪ್ಯೂಟರ್‌ಗಳನ್ನು ಕೆಡವಿತು. ಅದು ದಾಳಿಯೇ ಅಲ್ಲ. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಲ್ಲಿ ಬರೆದುಕೊಟ್ಟರು. ಕಾಗದ ಹಳೆಯದು ಅನ್ನುವವರಿಗೆ ಈ ಎರಡು ಸಾಕು.

ನ್ಯಾಯಬೆಲೆ ಅಂಗಡಿಯಿಂದ ಶುರು ಮಾಡಿ. ಪ್ರತಿ ಅಂಗಡಿಯ ಕಾರ್ಡ್‌ದಾರರ ಪಟ್ಟಿ, ಮನೆಗೆ ಎಷ್ಟು ಕೆಜಿ ಅನ್ನುವ ಲೆಕ್ಕ ಸಮೇತ, ತಿಂಗಳಿಗೊಮ್ಮೆ ಪ್ರಿಂಟ್ ಆಗಬೇಕು. ಅದು ಅಂಗಡಿಯಲ್ಲಿ ಬೇಡ, ತಾಲೂಕು ಕಚೇರಿಯ ಬೀರುವಿನಲ್ಲಿ ಬೀಗ ಹಾಕಿ ಇರಲಿ. ಜನರ ಹೆಸರು, ಮನೆ ವಿವರ ಇರುವ ಕಾಗದ ಅದು, ಯಾರ ಕೈಗೋ ಸಿಗಬಾರದು. ತಂಬ್ ತಗೊಳ್ಳುವ ಮೆಷಿನ್ ನಿಂತ ದಿನ ಆ ಪಟ್ಟಿ ನೋಡಿ, ಸಹಿ ಹಾಕಿಸಿಕೊಂಡು ಕೊಡಬಹುದು ಅಂತ ಆಹಾರ ಇಲಾಖೆಯ ಒಂದು ಆದೇಶ ಮೊದಲೇ ಬೇಕು. ಆದೇಶ ಇಲ್ಲದೆ ಅಂಗಡಿಯವರು ಕೊಡುವುದಿಲ್ಲ, ಕೊಡಬಾರದು ಕೂಡ.

ಆಸ್ಪತ್ರೆಗೆ ಕಾರ್ಬನ್ ಹಾಳೆಯ ಒಪಿಡಿ ಚೀಟಿ, ಲ್ಯಾಬ್ ಚೀಟಿ, ರಕ್ತದ ಚೀಟಿ. ಎಲ್ಲದಕ್ಕೂ ಮೊದಲೇ ಅಚ್ಚಾದ ನಂಬರ್ ಇರಲಿ. ಆಮೇಲೆ ಕಂಪ್ಯೂಟರ್‌ಗೆ ಏರಿಸುವಾಗ ಯಾವುದು ಬಿಟ್ಟುಹೋಯಿತು ಅಂತ ಗೊತ್ತಾಗುವುದು ಆ ನಂಬರಿನಿಂದಲೇ. ಎಪಿಎಂಸಿಯಲ್ಲಿ ಅಕ್ಟೋಬರ್, ನವೆಂಬರ್‌ನಲ್ಲಿ ಮೆಕ್ಕೆಜೋಳ ರಾಶಿ ಬಿದ್ದಿರುವಾಗ ಆನ್‌ಲೈನ್ ಟೆಂಡರ್ ನಿಂತರೆ ರೈತ ಚೀಲ ಬಿಟ್ಟು ಮನೆಗೆ ಹೋಗುವಂತಿಲ್ಲ. ಚೀಟಿಯಲ್ಲಿ ದರ ಬರೆದು ಪೆಟ್ಟಿಗೆಗೆ ಹಾಕುವ ಪದ್ಧತಿ ಹಿರಿಯ ದಲ್ಲಾಳರಿಗೆ ಗೊತ್ತಿದೆ. ಅವರನ್ನು ಕರೆಸಿ ಬರೆಸಿಕೊಳ್ಳಿ.

ಹೆಜ್ಜೆ 3: ದನಿಯನ್ನು ನಂಬಬೇಡಿ, ನಂಬರನ್ನು ನಂಬಿ

2024ರ ಶುರುವಿನಲ್ಲಿ ಅರೂಪ್ ಅನ್ನುವ ಎಂಜಿನಿಯರಿಂಗ್ ಕಂಪನಿಯ ಹಾಂಗ್‌ಕಾಂಗ್ ಕಚೇರಿಯ ಒಬ್ಬ ನೌಕರ ವಿಡಿಯೋ ಮೀಟಿಂಗಿಗೆ ಕೂತ. ಎದುರಿಗೆ ಕಂಡ ಮೇಲಧಿಕಾರಿಗಳೆಲ್ಲ ಎಐ ಮಾಡಿದ ನಕಲಿಗಳು. ಅವರ ಮಾತು ಕೇಳಿ ಸುಮಾರು 2.5 ಕೋಟಿ ಡಾಲರ್ ಕಳಿಸಿಬಿಟ್ಟ. 2022ರ ಮಾರ್ಚ್‌ನಲ್ಲಿ ಉಕ್ರೇನಿನ ಅಧ್ಯಕ್ಷ ಝೆಲೆನ್‌ಸ್ಕಿ "ಆಯುಧ ಕೆಳಗಿಡಿ" ಅನ್ನುವ ನಕಲಿ ವಿಡಿಯೋ ಬಂತು. ಅದು ಒರಟಾಗಿತ್ತು, ಜನ ನಂಬಲಿಲ್ಲ. ಈಗಿನವು ಅಷ್ಟು ಒರಟಾಗಿರುವುದಿಲ್ಲ.

ನಾವು ಒಂದು ಅಣಕು ಕಾರ್ಯಾಚರಣೆಯಲ್ಲಿ ಇದನ್ನು ಮಾಡಿ ನೋಡಿದೆವು. ಒಬ್ಬ ಎಂಜಿನಿಯರ್ ಸಾಹೇಬರ ಒಪ್ಪಿಗೆ ಪಡೆದು, ಅವರು ಮೀಟಿಂಗಿನಲ್ಲಿ ಮಾತಾಡಿದ ರೆಕಾರ್ಡಿಂಗಿನಿಂದ ದನಿ ತಯಾರಿಸಿ ಇಬ್ಬರು ನೀರಗಂಟಿಗಳಿಗೆ ಫೋನ್ ಮಾಡಿಸಿದೆವು: "ತಕ್ಷಣ ಮೇನ್ ವಾಲ್ವ್ ಬಂದ್ ಮಾಡು." ಮೊದಲನೆಯವರು ಸೈಕಲ್ ಹತ್ತಿ ಹೊರಟೇಬಿಟ್ಟರು, ದಾರಿಯಲ್ಲೇ ತಡೆದೆವು. ಎರಡನೆಯವರು ವಯಸ್ಸಾದವರು. "ಫೋನ್ ಇಡ್ರಿ ಸಾಹೇಬ್ರೆ, ನಾನೇ ಮಾಡ್ತೀನಿ" ಅಂತ ಇಟ್ಟು, ತಮ್ಮ ಹಳೇ ಡೈರಿಯಲ್ಲಿದ್ದ ನಂಬರಿಗೆ ವಾಪಸ್ ಮಾಡಿದರು. ನಿಜವಾದ ಸಾಹೇಬರು ಸಿಕ್ಕರು. ಅನುಮಾನ ಹೇಗೆ ಬಂತು ಅಂತ ಆಮೇಲೆ ಕೇಳಿದೆ. "ಸಾಹೇಬ್ರು ಫೋನ್ ಮಾಡಿದ್ರೆ ಮೊದ್ಲು 'ಊಟ ಆತೇನೋ' ಅಂತಾರ್ರಿ. ಇವತ್ತು ಕೇಳ್ಲಿಲ್ಲ" ಅಂದರು.

ಅವರು ತಾವಾಗಿಯೇ ಮಾಡಿದ್ದನ್ನು ಎಲ್ಲರಿಗೂ ನಿಯಮ ಮಾಡಿ. ನೀರು, ಕರೆಂಟ್, ಹಣ, ಪೊಲೀಸ್ ಬಂದೋಬಸ್ತಿನ ಯಾವುದೇ ಆದೇಶ ಫೋನಿನಲ್ಲಿ ಬಂದರೆ ಇಟ್ಟು, ಕಾಗದದ ಪಟ್ಟಿಯಲ್ಲಿರುವ ನಂಬರಿಗೆ ವಾಪಸ್ ಮಾಡಬೇಕು. ಜೊತೆಗೆ ತಿಂಗಳಿಗೊಂದು ಗುಟ್ಟಿನ ಪದ ಇರಲಿ. ಅದನ್ನು ವಾಟ್ಸಾಪ್‌ನಲ್ಲಿ ಹಾಕಬಾರದು, ಮೀಟಿಂಗಿನಲ್ಲಿ ಬಾಯಲ್ಲೇ ಹೇಳಬೇಕು. ಇನ್ನೊಂದು ಆದೇಶ ಬರಹದಲ್ಲೇ ಬೇಕು: ವಾಪಸ್ ಫೋನ್ ಮಾಡಿ ಖಚಿತ ಮಾಡಿಕೊಂಡ ಕೆಳಗಿನ ನೌಕರನಿಗೆ "ನನ್ನನ್ನೇ ಅನುಮಾನಿಸ್ತೀಯಾ" ಅಂತ ಯಾವ ಮೇಲಧಿಕಾರಿಯೂ ಬೈಯಬಾರದು. ಇದು ಇಲ್ಲದಿದ್ದರೆ ಮೇಲಿನ ನಿಯಮ ಒಂದು ದಿನವೂ ನಡೆಯುವುದಿಲ್ಲ.

ಫೋನ್ ಪಟ್ಟಿಯನ್ನು ಮೂರು ತಿಂಗಳಿಗೊಮ್ಮೆ ಪರೀಕ್ಷಿಸಿ. ವರ್ಗಾವಣೆ ಆದವರ ನಂಬರ್‌ಗಳೇ ಅರ್ಧ ಇರುತ್ತವೆ. ಮೊಬೈಲ್ ಜಾಲವೇ ಬಿದ್ದರೆ ಪೊಲೀಸ್ ವೈರ್‌ಲೆಸ್ ಮತ್ತು ಬೈಕ್ ಇರುವ ಹುಡುಗರು. ಯಾವ ಹೋಬಳಿಗೆ ಯಾರು ಹೋಗುತ್ತಾರೆ ಅಂತ ಬರೆದಿಡಿ.

ಹೆಜ್ಜೆ 4: ಮೊದಲ ಗಂಟೆ ಯಾರ ಕೈಯಲ್ಲಿ?

ಕಂಪ್ಯೂಟರ್ ಪರದೆ ಕೆಂಪಾಗುವ ಹೊತ್ತಿಗೆ ಕೌಂಟರಿನಲ್ಲಿ ಕೂತಿರುವುದು ಹೊರಗುತ್ತಿಗೆಯ ಆಪರೇಟರ್. ಡಿಸಿ ಪ್ರವಾಸದಲ್ಲಿರುತ್ತಾರೆ. ತಹಶೀಲ್ದಾರರು ಕೋರ್ಟಿನಲ್ಲಿರುತ್ತಾರೆ. ಆ ಹುಡುಗಿಗೋ ಹುಡುಗನಿಗೋ ನೆಟ್‌ವರ್ಕ್ ಕೇಬಲ್ ಕೀಳುವ ಅಧಿಕಾರ ಇದೆಯಾ? ಇಲ್ಲ ಅಂದರೆ ಕೊಡಿ. ಬರಹದಲ್ಲಿ ಕೊಡಿ. "ಅನುಮಾನ ಬಂದರೆ ಕೇಬಲ್ ಕೀಳು, ಆಮೇಲೆ ನನಗೆ ಹೇಳು, ತಪ್ಪಾದರೂ ನಿನ್ನ ಮೇಲೆ ಕ್ರಮ ಇಲ್ಲ" ಅಂತ ಒಂದು ಪುಟದ ಆದೇಶ ಪ್ರತಿ ಕಚೇರಿಯ ಗೋಡೆಗೆ ಅಂಟಿಸಿ. ನನ್ನ ಮಟ್ಟಿಗೆ ಈ ಇಡೀ ತಯಾರಿಯಲ್ಲಿ ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಬೆಲೆಬಾಳುವ ಕಾಗದ ಅದು.

ಕೇಬಲ್ ಕೀಳಿ, ಆದರೆ ಕಂಪ್ಯೂಟರ್ ಆಫ್ ಮಾಡಬೇಡಿ. ಆಫ್ ಮಾಡಿದರೆ ಮೆಮೊರಿಯಲ್ಲಿರುವ ಸಾಕ್ಷಿ ಅಳಿಸಿಹೋಗುತ್ತದೆ. ಪರದೆಯ ಫೋಟೋ ತೆಗೆಯಿರಿ. ಗಡಿಯಾರ ನೋಡಿ ಟೈಮ್ ಬರೆದುಕೊಳ್ಳಿ. ಸರ್ಕಾರಿ ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳುವ ಎನ್‌ಐಸಿಯ ಜಿಲ್ಲಾ ಅಧಿಕಾರಿಗೆ ಹೇಳಿ. ಸೈಬರ್ ಅಪರಾಧ ನೋಡುವ ಪೊಲೀಸ್ ಇಲಾಖೆಯ ಸಿಇಎನ್ ಠಾಣೆಗೆ ಹೇಳಿ.

ಕಾನೂನು ಏನು ಹೇಳುತ್ತದೆ? ಸರ್ಟ್-ಇನ್ ಅನ್ನುವ ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಗೊತ್ತಾದ 6 ಗಂಟೆಯೊಳಗೆ ಅವರಿಗೆ ವರದಿ ಹೋಗಬೇಕು. 1800-11-4949 ಅವರ ಉಚಿತ ನಂಬರ್. 180 ದಿನಗಳ ಲಾಗ್, ಅಂದರೆ ಕಂಪ್ಯೂಟರ್‌ನಲ್ಲಿ ಏನೇನು ನಡೆಯಿತು ಅನ್ನುವ ದಾಖಲೆ ಕೂಡ ಇಟ್ಟಿರಬೇಕು. ನಿಮ್ಮ ಕಚೇರಿಯಲ್ಲಿ ಇದೆಯಾ ಅಂತ ಇವತ್ತೇ ಕೇಳಿ. ವಿದ್ಯುತ್ತಿನಂಥ ಅತಿ ಮುಖ್ಯ ವ್ಯವಸ್ಥೆಗಳನ್ನು ನೋಡಿಕೊಳ್ಳಲು ಎನ್‌ಸಿಐಐಪಿಸಿ ಅನ್ನುವ ಬೇರೆ ಸಂಸ್ಥೆ 2014ರಿಂದ ಇದೆ, ಅವರ ನಂಬರೂ ಪಟ್ಟಿಯಲ್ಲಿರಲಿ. ಜನರ ಹಣ ಹೋದರೆ 1930.

ಜಿಲ್ಲಾಧಿಕಾರಿಗೆ ಅಧಿಕಾರ ಎಲ್ಲಿಂದ? 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲಾ ಪ್ರಾಧಿಕಾರಕ್ಕೆ ಅವರೇ ಅಧ್ಯಕ್ಷರು. ಬರಕ್ಕೆ, ಪ್ರವಾಹಕ್ಕೆ ಇರುವ ಜಿಲ್ಲಾ ಯೋಜನೆಯಲ್ಲೇ ಸೈಬರ್ ವಿಪತ್ತಿಗೂ ಒಂದು ಅಧ್ಯಾಯ ಸೇರಿಸಿ. ಹೊಸ ಸಮಿತಿ ಮಾಡಬೇಡಿ. ಈಗಿರುವ ಸಮಿತಿಗಳಿಗೇ ಕೂರಲು ಹೊತ್ತಿಲ್ಲ.

ಹೆಜ್ಜೆ 5: ಬ್ಯಾಕಪ್

ಚಿಕ್ಕದಾಗಿ ಹೇಳುತ್ತೇನೆ. ಮರ್ಸ್ಕ್ ಕಂಪನಿ ಹತ್ತು ದಿನದಲ್ಲಿ 4,000 ಸರ್ವರ್, 45,000 ಕಂಪ್ಯೂಟರ್‌ಗಳನ್ನು ಹೊಸದಾಗಿ ಕಟ್ಟಿತು. ಅದಕ್ಕೆ ಬೇಕಾಗಿದ್ದ ಒಂದು ಮುಖ್ಯ ಪ್ರತಿ ಉಳಿದದ್ದು ಘಾನಾ ದೇಶದ ಕಚೇರಿಯಲ್ಲಿ. ದಾಳಿಯ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿತ್ತು, ಅದಕ್ಕೇ ಉಳಿಯಿತು. ನಿಮ್ಮ ಬ್ಯಾಕಪ್‌ನ ಒಂದು ಪ್ರತಿ ಯಾವ ತಂತಿಗೂ ಸಿಕ್ಕಿಸದೆ ಬೇರೆ ಕಟ್ಟಡದಲ್ಲಿರಲಿ. ವರ್ಷಕ್ಕೆರಡು ಸಲ ಅದರಿಂದ ನಿಜವಾಗಿಯೂ ಡೇಟಾ ವಾಪಸ್ ಬರುತ್ತಾ ಅಂತ ನೋಡಿ.

ಹೆಜ್ಜೆ 6: ಒಂದು ಗಂಟೆಯೊಳಗೆ ಮಾತಾಡಿ

ಎಲ್ಲ ತಿಳಿದ ಮೇಲೆ ಹೇಳೋಣ ಅಂತ ಕಾಯುವ ಕಚೇರಿಗಳನ್ನು ನೋಡಿದ್ದೇನೆ. ಅಷ್ಟರಲ್ಲಿ ವಾಟ್ಸಾಪ್ ತನ್ನ ಕಥೆ ಹೇಳಿ ಮುಗಿಸಿರುತ್ತದೆ. ಮೊದಲ ಪ್ರಕಟಣೆಯನ್ನು ಈಗಲೇ ಬರೆದಿಡಿ. ಹೀಗಿದ್ದರೆ ಸಾಕು:

"ನಾನು ನಿಮ್ಮ ಜಿಲ್ಲಾಧಿಕಾರಿ. ಬೆಳಗ್ಗೆ 9 ಗಂಟೆಯಿಂದ ಕೆಲವು ಸರ್ಕಾರಿ ಕಂಪ್ಯೂಟರ್‌ಗಳು ಕೆಲಸ ಮಾಡುತ್ತಿಲ್ಲ. ಕಾರಣ ಹುಡುಕುತ್ತಿದ್ದೇವೆ. ನೀರು ಸಂಜೆ ಎಂದಿನಂತೆ ಬರುತ್ತದೆ. ಆಸ್ಪತ್ರೆ ತೆರೆದಿದೆ. ರೇಷನ್ ಪಟ್ಟಿ ನೋಡಿ ಕೊಡುತ್ತಾರೆ. ಯಾವುದೇ ಸಂದೇಹಕ್ಕೆ 1077ಕ್ಕೆ ಫೋನ್ ಮಾಡಿ. ಮುಂದಿನ ಸುದ್ದಿಯನ್ನು ಮಧ್ಯಾಹ್ನ 12ಕ್ಕೆ ನಾನೇ ಹೇಳುತ್ತೇನೆ."

ಸಂಜೆ ನೀರು ಬರುತ್ತದೆ ಅಂದ ಮೇಲೆ ಬರಲೇಬೇಕು. ಅದಕ್ಕೇ ಹೆಜ್ಜೆ 1 ಮೊದಲು. 12 ಗಂಟೆಗೆ ಹೊಸದೇನೂ ಇಲ್ಲದಿದ್ದರೂ ಬಂದು ಅದನ್ನೇ ಹೇಳಿ.

ಜನರಿಗೆ ತಲುಪಿಸುವ ದಾರಿ ಇಂಟರ್ನೆಟ್ ಒಂದೇ ಆಗಿರಬಾರದು. ಆಕಾಶವಾಣಿ ಚಿತ್ರದುರ್ಗ ಇದೆ. ಗುಡಿ, ಮಸೀದಿ, ಚರ್ಚಿನ ಮೈಕ್ ಇದೆ. ಹಳ್ಳಿಯಲ್ಲಿ ಡಂಗುರ ಸಾರುವವರು ಇನ್ನೂ ಇದ್ದಾರೆ. ಊರಿನ ಪ್ರತಿ ಬೀದಿಗೂ ದಿನಾ ಬೆಳಗ್ಗೆ ಹೋಗುವ ಸರ್ಕಾರಿ ವಾಹನ ಯಾವುದು ಹೇಳಿ? ಕಸದ ಗಾಡಿ. ಅದರ ಮೇಲೆ ಮೈಕ್ ಈಗಾಗಲೇ ಇದೆ. ಹಾಡಿನ ಬದಲು ಡಿಸಿಯ ದನಿ ಹಾಕಿದರೆ ಎರಡು ಗಂಟೆಯಲ್ಲಿ ಇಡೀ ನಗರಕ್ಕೆ ಸುದ್ದಿ ಮುಟ್ಟುತ್ತದೆ. ಎಟಿಎಂ ಸಾಲಿನ ಆ ಅಜ್ಜಿಗೂ ಮುಟ್ಟುತ್ತಿತ್ತು.

ಹೆಜ್ಜೆ 7: ಯಾವ ದೇಶ ಅಂತ ಬಾಯಿ ಬಿಡಬೇಡಿ

ಇದನ್ನು ನಾನು ಕೈಮುಗಿದು ಹೇಳುತ್ತೇನೆ. ದಾಳಿ ಆದ ತಕ್ಷಣ ಎಲ್ಲರ ಬಾಯಲ್ಲೂ ಒಂದು ದೇಶದ ಹೆಸರು ಇರುತ್ತದೆ. ಅಧಿಕಾರಿ ಅದನ್ನು ಹೇಳಬಾರದು, ತಲೆ ಅಲ್ಲಾಡಿಸಲೂ ಬಾರದು.

2018ರ ಫೆಬ್ರವರಿಯಲ್ಲಿ ದಕ್ಷಿಣ ಕೊರಿಯಾದ ಚಳಿಗಾಲದ ಒಲಿಂಪಿಕ್ಸ್ ಉದ್ಘಾಟನೆಯ ದಿನ ಕಂಪ್ಯೂಟರ್‌ಗಳು ಬಿದ್ದವು. ವೈರಸ್ ಬಿಚ್ಚಿ ನೋಡಿದರೆ ಉತ್ತರ ಕೊರಿಯಾದ ಗುರುತುಗಳು. ಆ ಗುರುತುಗಳನ್ನು ಬೇಕಂತಲೇ ಅಂಟಿಸಿದ್ದರು. 2020ರಲ್ಲಿ ಅಮೆರಿಕ ಆರೋಪ ಹೊರಿಸಿದ್ದು ರಷ್ಯಾದ ಸೇನಾ ಗುಪ್ತಚರರ ಮೇಲೆ. 2015ರಲ್ಲಿ ಫ್ರಾನ್ಸಿನ ಟಿವಿ5 ಮಾಂಡ್ ಚಾನೆಲ್ ಕೆಡವಿದವರು ತಮ್ಮನ್ನು ಸೈಬರ್ ಕ್ಯಾಲಿಫೇಟ್ ಅಂತ ಕರೆದುಕೊಂಡರು. ತನಿಖೆಯ ಬೆರಳು ಆಮೇಲೆ ತಿರುಗಿದ್ದು ರಷ್ಯಾದ ಗುಂಪಿನ ಕಡೆ. ಮೊದಲ ದಿನದ ಹೆಸರನ್ನು ನಂಬಿ ಯಾರಾದರೂ ಕ್ಷಿಪಣಿ ಬಿಟ್ಟಿದ್ದರೆ? ಎಐ ಕೈಯಲ್ಲಿದ್ದರೆ ಇಂಥ ಸುಳ್ಳು ಗುರುತು ಅಂಟಿಸುವುದು ಇನ್ನೂ ಸಲೀಸು.

ನಮ್ಮೂರಲ್ಲಿ ಇದಕ್ಕೆ ಇನ್ನೊಂದು ಮುಖ ಇದೆ. ಒಂದು ದೇಶದ ಹೆಸರು ಹೇಳಿದರೆ, ಸಂಜೆಯೊಳಗೆ ಆ ಸಿಟ್ಟು ಪಕ್ಕದ ಬೀದಿಯವರ ಮೇಲೆ ತಿರುಗಬಹುದು. ನಮ್ಮ ನೀರು ಬಿಡುವವನು, ಲೈನ್ ಹತ್ತುವವನು, ಚೀಲ ಹೊರುವವನು ಎಲ್ಲ ಸಮುದಾಯದವರು. ಅವರಲ್ಲಿ ಒಬ್ಬ ಹೆದರಿ ಮನೆಯಲ್ಲಿ ಕೂತರೆ ದಾಳಿ ಮಾಡಿದವನ ಅರ್ಧ ಕೆಲಸ ನಾವೇ ಮಾಡಿಕೊಟ್ಟಂತೆ. ಹಾಗಾಗಿ ಮೊದಲ ದಿನವೇ ಶಾಂತಿ ಸಭೆ ಕರೆಯಿರಿ. ಮಠ, ಮಸೀದಿ, ಚರ್ಚು, ವರ್ತಕರ ಸಂಘ, ಎಲ್ಲರೂ ಒಂದೇ ಮೇಜಿನ ಸುತ್ತ ಕೂರಲಿ.

ದೆಹಲಿ ಮಟ್ಟದಲ್ಲೂ ಬೇಕಾಗಿರುವುದು ಇದೇ ತಾಳ್ಮೆ. 2025ರ ಮೇ 10ರ ಮಧ್ಯಾಹ್ನ 3.35ಕ್ಕೆ ಪಾಕಿಸ್ತಾನದ ಡಿಜಿಎಂಒ, ಅಂದರೆ ಸೇನಾ ಕಾರ್ಯಾಚರಣೆಯ ಮುಖ್ಯಸ್ಥರು, ನಮ್ಮ ಡಿಜಿಎಂಒಗೆ ಫೋನ್ ಮಾಡಿದರು. ಸಂಜೆ 5ರಿಂದ ಗುಂಡು ನಿಲ್ಲಿಸುವುದು ಅಂತ ಒಪ್ಪಿಕೊಂಡರು. ಆ ಫೋನ್ ತಂತಿ ಮೊದಲೇ ಇತ್ತು, ಅದಕ್ಕೇ ಕೆಲಸಕ್ಕೆ ಬಂತು. 1988ರ ಒಪ್ಪಂದದ ಪ್ರಕಾರ ಎರಡೂ ದೇಶಗಳು ಪ್ರತಿ ಜನವರಿ 1ರಂದು ತಮ್ಮ ಅಣು ಸ್ಥಾವರಗಳ ಪಟ್ಟಿ ಕೊಟ್ಟು ತಗೊಳ್ಳುತ್ತವೆ, ಇವುಗಳ ಮೇಲೆ ಕೈ ಮಾಡುವುದಿಲ್ಲ ಅಂತ. ಯುದ್ಧದ ವರ್ಷಗಳಲ್ಲೂ ಅದು ನಿಂತಿಲ್ಲ. ಆಸ್ಪತ್ರೆ, ಕುಡಿಯುವ ನೀರು, ಕರೆಂಟ್ ಜಾಲದ ಕಂಪ್ಯೂಟರ್‌ಗಳಿಗೂ ಅಂಥದ್ದೊಂದು ಪಟ್ಟಿ ಯಾಕಿರಬಾರದು? ಜನ ಬಳಸುವ ಮುಖ್ಯ ವ್ಯವಸ್ಥೆಗಳನ್ನು ಶಾಂತಿಕಾಲದಲ್ಲಿ ಕೆಡಿಸಬಾರದು ಅಂತ ವಿಶ್ವಸಂಸ್ಥೆಯ ತಜ್ಞರ ಗುಂಪು 2015ರಲ್ಲೇ ಬರೆದಿದೆ. ಸೈಬರ್ ಬಿಕ್ಕಟ್ಟಿನಲ್ಲಿ ಯಾವ ದೇಶದಲ್ಲಿ ಯಾರಿಗೆ ಫೋನ್ ಮಾಡಬೇಕು ಅನ್ನುವ ಪಟ್ಟಿ 2024ರ ಮೇನಲ್ಲಿ ಅಲ್ಲೇ ಶುರುವಾಗಿದೆ. ನಮ್ಮ ಸಂಸದರು ಕೇಳಬೇಕಾದ ಪ್ರಶ್ನೆ: ಆ ಫೋನನ್ನು ನಾವು ಕೊನೆಯ ಸಲ ಮಾಡಿ ನೋಡಿದ್ದು ಯಾವಾಗ?

ಇನ್ನೊಂದು. ನಮ್ಮ ಕಡೆಯೂ ಎಐ ಇಟ್ಟುಕೊಳ್ಳಿ, ತಪ್ಪಿಲ್ಲ. ಲಕ್ಷಾಂತರ ಸಾಲಿನ ಲಾಗ್ ಓದಲು, ಸರ್ಟ್-ಇನ್‌ನ ಎಚ್ಚರಿಕೆಯನ್ನು ಕನ್ನಡಕ್ಕೆ ತಿರುಗಿಸಿ ಕೆಳಗೆ ಕಳಿಸಲು ಅದು ಬೇಕು. ಆದರೆ ಅದು "ಇಂಥ ದೇಶವೇ ಮಾಡಿದ್ದು" ಅಂದರೆ ಅದನ್ನು ಒಂದು ಅನುಮಾನ ಅಂತ ಮಾತ್ರ ಬರೆದುಕೊಳ್ಳಿ. ಸಿಗದ ಪಾಸ್‌ವರ್ಡ್ ಸಿಕ್ಕಿದೆ ಅಂದ ಯಂತ್ರದ ಕಥೆ ಮೇಲೆ ಹೇಳಿದೆನಲ್ಲ. ತಿರುಗಿ ಹೊಡೆಯುವ ನಿರ್ಧಾರವನ್ನಂತೂ ಮನುಷ್ಯರೇ ಮಾಡಬೇಕು, ಸಹಿ ಹಾಕಿ ಮಾಡಬೇಕು. ಅಣ್ವಸ್ತ್ರದ ನಿರ್ಧಾರ ಮನುಷ್ಯರ ಕೈಯಲ್ಲೇ ಇರಬೇಕು ಅಂತ ಅಮೆರಿಕ, ಚೀನಾದ ಅಧ್ಯಕ್ಷರು 2024ರ ನವೆಂಬರ್‌ನಲ್ಲಿ ಒಪ್ಪಿದ್ದಾರೆ. ಕರೆಂಟ್ ಜಾಲದ ವಿಷಯದಲ್ಲೂ ಇದೇ ಮಾತು ಬೇಕು.

ಹೆಜ್ಜೆ 8: ಶನಿವಾರ ಎರಡು ಗಂಟೆ ಆಡಿ ನೋಡಿ

ಇದಕ್ಕೆ ಹಣ ಬೇಡ. ಒಂದು ಹಾಲ್, ಒಂದು ಗೋಡೆ ಗಡಿಯಾರ, ಎಂಟು ಲಕೋಟೆ, ಮಂಡಕ್ಕಿ ಮೆಣಸಿನಕಾಯಿ, ಟೀ. ಮೊಬೈಲ್‌ಗಳನ್ನು ಬಾಗಿಲಲ್ಲಿ ಬುಟ್ಟಿಗೆ ಹಾಕಿಸಿ. ಡಿಸಿ, ಎಸ್‌ಪಿ, ಜಿಲ್ಲಾ ಪಂಚಾಯಿತಿ ಸಿಇಒ, ಪಾಲಿಕೆ ಆಯುಕ್ತರು, ಬೆಸ್ಕಾಂ, ಜಿಲ್ಲಾ ಆರೋಗ್ಯಾಧಿಕಾರಿ, ಎನ್‌ಐಸಿ, ವಾರ್ತಾ ಇಲಾಖೆಯವರು ಕೂರಲಿ. ಒಬ್ಬ ನೀರಗಂಟಿ, ಒಬ್ಬ ಲೈನ್‌ಮನ್, ಒಬ್ಬ ನ್ಯಾಯಬೆಲೆ ಅಂಗಡಿಯವರು ಇರಲೇಬೇಕು. ನಮ್ಮ ಆಟದಲ್ಲಿ ಸರಿ ಉತ್ತರ ಹೆಚ್ಚು ಬಂದದ್ದು ಅವರಿಂದಲೇ.

ಹದಿನೈದು ನಿಮಿಷಕ್ಕೊಂದು ಲಕೋಟೆ ಒಡೆಯಿರಿ. ಮೊದಲನೆಯದು: ಗಡಿಯಲ್ಲಿ ಉದ್ವಿಗ್ನತೆ, ಬೆಳಗ್ಗೆ 9.10ಕ್ಕೆ ಎಲ್ಲ ನಾಡಕಚೇರಿಯಲ್ಲೂ ಸರ್ವರ್ ಇಲ್ಲ. ಎರಡನೆಯದು: ಆಸ್ಪತ್ರೆಯ ಕಂಪ್ಯೂಟರ್‌ನಲ್ಲಿ ಹಣ ಕೇಳುವ ಪರದೆ. ಮೂರನೆಯದು: ಡಿಸಿಯ ದನಿಯಲ್ಲಿ ಆಡಿಯೋ, "ತುಂಗಭದ್ರೆ ನೀರಿಗೆ ವಿಷ ಬೆರೆಸಿದ್ದಾರೆ, ಕುಡಿಯಬೇಡಿ." ಇಲ್ಲಿ ಸಭೆ ನಿಜವಾಗಿಯೂ ಬೆವರುತ್ತದೆ. ನೀರು ಪರೀಕ್ಷೆ ಮಾಡುವವರು ಯಾರು, ಫಲಿತಾಂಶ ಎಷ್ಟು ಹೊತ್ತಿಗೆ, ಅಲ್ಲಿಯವರೆಗೆ ಏನು ಹೇಳುವುದು? ಕೈಗಡಿಯಾರ ನೋಡಿ ಬರೆದುಕೊಳ್ಳಿ. ನಾಲ್ಕನೆಯದು: ಎಪಿಎಂಸಿಯಲ್ಲಿ ಟೆಂಡರ್ ನಿಂತಿದೆ, ಮೋಡ ಕವಿದಿದೆ, ಜೋಳ ಬಯಲಲ್ಲಿದೆ. ಐದನೆಯದು: ಟಿವಿಯವರು ಮೈಕ್ ಹಿಡಿದು ಕೇಳುತ್ತಿದ್ದಾರೆ, "ಸಾರ್, ಯಾವ ದೇಶ?" ಉಳಿದ ಮೂರನ್ನು ನಿಮ್ಮ ತಾಲೂಕು ನೋಡಿ ನೀವೇ ಬರೆಯಿರಿ.

ಕೊನೆಗೆ ಚಪ್ಪಾಳೆ ಬೇಡ, ಪಟ್ಟಿ ಬೇಕು. ಎಲ್ಲಿ ತಡವರಿಸಿದೆವು, ಸರಿಮಾಡುವವರು ಯಾರು, ಯಾವ ತಾರೀಖಿನೊಳಗೆ. ಮೂರು ತಿಂಗಳ ಮೇಲೆ ಅದೇ ಪಟ್ಟಿ ಕೈಯಲ್ಲಿ ಹಿಡಿದು ಮತ್ತೆ ಕೂರಿ.

ಹೆಜ್ಜೆ 9: ಸರ್ವರ್ ವಾಪಸ್ ಬಂದ ದಿನ

ಎಲ್ಲರೂ ಒಟ್ಟಿಗೆ ಲಾಗಿನ್ ಆಗಬೇಡಿ. ಒಂದು ತಾಲೂಕು ತೆರೆದು ಒಂದು ದಿನ ನೋಡಿ, ಆಮೇಲೆ ಮುಂದಿನದು. ಎಲ್ಲ ಪಾಸ್‌ವರ್ಡ್ ಬದಲಿಸಿ. ಒಂದೇ ಪಾಸ್‌ವರ್ಡನ್ನು ಐದು ಜನ ಬಳಸುವ ಅಭ್ಯಾಸ ಅವತ್ತೇ ನಿಲ್ಲಲಿ.

ಕಾಗದದ ಚೀಟಿಗಳನ್ನು ನಂಬರಿನ ಪ್ರಕಾರ ಜೋಡಿಸಿ ಕಂಪ್ಯೂಟರ್‌ಗೆ ಏರಿಸಿ. ಒಬ್ಬರು ಓದಬೇಕು, ಒಬ್ಬರು ಹೊಡೆಯಬೇಕು, ಮೂರನೆಯವರು ಟಿಕ್ ಹಾಕಬೇಕು. ಈ ಕೆಲಸಕ್ಕೆ ಕೂರುವ ಹೊರಗುತ್ತಿಗೆಯ ಹುಡುಗ ಹುಡುಗಿಯರಿಗೆ ರಾತ್ರಿ ಊಟ, ಮನೆಗೆ ಬಿಡುವ ಗಾಡಿ, ಹೆಚ್ಚಿನ ಗಂಟೆಯ ಕೂಲಿ ಮೊದಲೇ ಮಂಜೂರಾಗಿರಲಿ. ಏರಿಸಿ ಮುಗಿದ ಚೀಟಿಗಳನ್ನು ಕಟ್ಟು ಕಟ್ಟಿ, ಮೇಲೆ ತಾರೀಖು ಬರೆದು, ಅದೇ ಬೀರುವಿನಲ್ಲಿಡಿ. ಖಾಲಿಯಾದ ಕಾರ್ಬನ್ ಪುಸ್ತಕಗಳಿಗೆ ಅವತ್ತೇ ಇಂಡೆಂಟ್ ಹಾಕಿ.